ಗೋಡೆಗೆ ಒರಗಿದ ಚಾಕು

ಅಡಿಗೆಯ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು ಒಂದಿದೆ.

"ಚಾಕು ಎಲ್ಲಿಟ್ಟೀಯವ್ವಾ?"

"ಅಲ್ಲೇ ಚಮಚಾದ ಡಬ್ಬ್ಯಾಗ ಐತ್ರಿ, ಅತ್ತಿ."

ಉತ್ತರವೇನೋ ಸರಿಯಾದುದೇ. ಆದರೆ ಆ ಡಬ್ಬಿಯೊಳಗೆ ಚಮಚ, ಸೌಟು, ಚಿಮಟಿಗೆ, ಲಟ್ಟಣಿಗೆಗಳ ನಡುವೆ ಚಾಕು ಯಾವ ಮಗ್ಗುಲಾಗಿ ಮಲಗಿದೆ, ಅದರ ಬಾಯಿ ಮೇಲಕ್ಕಿದೆಯೋ ಕೆಳಕ್ಕಿದೆಯೋ ಎಂಬುದನ್ನು ಕೈಯೇ ತಡವಿ ತಿಳಿಯಬೇಕು. ಕೈ ಇಂಥ ಸಂಗತಿಯನ್ನು ತಿಳಿಯುವ ರೀತಿ ನಮಗೆಲ್ಲ ಗೊತ್ತಿದೆ. ಗಾಯಕ್ಕೆ ಅರಿಷಿಣ ಒತ್ತಿ, ಅರಿವೆಯ ಚಿಂದಿ ಹುಡುಕಿ ಸುತ್ತುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಉಕ್ಕಿ ಹರಿದಿರುತ್ತದೆ.

ಕೆಡುವುದು ಬೆರಳೊಂದೇ ಅಲ್ಲ, ಚಾಕೂ ಅಲ್ಲಿಯೇ ಕೆಡುತ್ತದೆ. ಚಾಕಿನ ಬಾಯಿ ಎಂದರೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಮಸೆದ ಉಕ್ಕಿನ ಅಂಚು. ಡಬ್ಬಿಯಲ್ಲಿ ಪ್ರತಿಸಲ ಸೌಟಿಗೆ ತಾಗಿದಾಗ ಆ ಅಂಚು ಅಷ್ಟಷ್ಟು ಮಡಿಚಿಕೊಳ್ಳುತ್ತದೆ, ಚಿಕ್ಕ ಚಿಕ್ಕ ಹಲ್ಲಾಗಿ ಒಡೆಯುತ್ತದೆ. ಮೊಂಡಾದ ಚಾಕಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ. ಬಲ ಹಾಕಿ ಒತ್ತಿದ ಚಾಕು ಟೊಮೇಟೊ ಹಣ್ಣಿನ ಸಿಪ್ಪೆಯ ಮೇಲೆ ಜಾರಿ ಇನ್ನೊಂದು ಕೈಯ ಕಡೆಗೆ ಹೊರಳುತ್ತದೆ. ಹರಿತವಾದ ಚಾಕಿಗಿಂತ ಮೊಂಡ ಚಾಕಿನಿಂದಲೇ ಗಾಯ ಹೆಚ್ಚು ಎಂದು ಅಡಿಗೆಯವರು ಹೇಳುವುದು ಸುಮ್ಮನೆ ಅಲ್ಲ.

ಚಂದ್ರಬಂಡದಂಥ ಊರಿನ ಹಿರಿಯರ ಮನೆಗಳಲ್ಲಿ ಈ ತೊಡಕು ಇಷ್ಟು ದೊಡ್ಡದಾಗಿರಲಿಲ್ಲ. ನೆಲದ ಮೇಲೆ ಕುಳಿತು ಕಾಯಿಪಲ್ಲೆ ಹೆಚ್ಚುವುದು ಈಳಿಗೆಯಲ್ಲಿ. ಮನೆಗೆ ಈಳಿಗೆ ಒಂದೇ. ಕೆಲಸ ಮುಗಿದೊಡನೆ ಅದರ ಬಾಯಿಯನ್ನು ಗೋಡೆಯ ಕಡೆಗೆ ತಿರುಗಿಸಿ ಮೂಲೆಗೆ ಇಡುವುದು ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲಿಯೇ ಕಲಿಸಿದ ಪಾಠ. ಈಗ ರಾಯಚೂರು, ದೇವದುರ್ಗ, ಮಾನ್ವಿಗಳ ಮನೆಗಳಲ್ಲಿ ಗ್ಯಾಸಿನ ಒಲೆಯ ಜೊತೆಗೆ ಫರಸಿ ಹಾಕಿದ ಎತ್ತರದ ಕಟ್ಟೆ ಬಂದಿದೆ, ನಿಂತು ಅಡಿಗೆ ಮಾಡುವ ರೂಢಿ ಬಂದಿದೆ. ಅದರ ಹಿಂದೆಯೇ ಉಳ್ಳಾಗಡ್ಡಿಗೆ ಅಗಲವಾದ ಚಾಕು, ಹಣ್ಣಿಗೆ ಸಣ್ಣ ಚಾಕು, ಬ್ರೆಡ್ಡಿಗೆ ಗರಗಸದ ಹಲ್ಲಿನ ಚಾಕು, ಹೀಗೆ ಒಂದಿದ್ದದ್ದು ನಾಲ್ಕಾದವು. ಈ ನಾಲ್ಕನ್ನೂ ಇಡುವುದಕ್ಕೆಂದು ಪಾತ್ರೆಯ ಅಂಗಡಿಗಳಲ್ಲಿ ಈಗ ಅಯಸ್ಕಾಂತದ ಪಟ್ಟಿ ಸಿಕ್ಕುತ್ತದೆ. ಒಂದು ಅಡಿಯಿಂದ ಒಂದೂವರೆ ಅಡಿ ಉದ್ದದ, ಎರಡು ಬೆರಳಗಲದ ಪಟ್ಟಿ. ಗೋಡೆಗೆ ಬಿಗಿದರೆ ಚಾಕುಗಳು ತಾವಾಗಿಯೇ ಅದಕ್ಕೆ ಅಂಟಿ ನಿಲ್ಲುತ್ತವೆ. ನೋಡುವವರಿಗೆ ಮಾಟದಂತೆ ತೋರುತ್ತದೆ. ಕೊಂಡು ತಂದವರಲ್ಲಿ ಕೆಲವರು ಮೆಚ್ಚುತ್ತಾರೆ. ಕೆಲವರ ಮನೆಯಲ್ಲಿ ಹದಿನೈದು ದಿನಕ್ಕೇ ಚಾಕು ಕಾಲ ಬಳಿ ಬೀಳುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ಅಲಗನ್ನು ಎಲ್ಲಿಡಬೇಕೆಂಬ ಚಿಂತೆ ನಮ್ಮ ದೇಶದಲ್ಲಿ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 8ನೆಯ ಅಧ್ಯಾಯ ಶಸ್ತ್ರಗಳನ್ನು ಕುರಿತದ್ದು. ವೈದ್ಯನು ತನ್ನ ಶಸ್ತ್ರವನ್ನು ಮಸೆಯಲು ಉದ್ದಿನ ಬಣ್ಣದ ನುಣುಪು ಕಲ್ಲನ್ನೂ, ಅದರ ಧಾರೆ ನೆಲೆಯಾಗಿ ನಿಲ್ಲಲು ಬೂರುಗದ ಹಲಗೆಯನ್ನೂ ಇಟ್ಟುಕೊಳ್ಳಬೇಕೆಂದು ಅಲ್ಲಿ ಹೇಳಿದೆ. ಬೂರುಗ ಬಹಳ ಮೆತ್ತನೆಯ ಮರ. ಹರಿತವಾದ ಅಂಚಿಗೆ ಗಟ್ಟಿಯಾದುದು ತಾಗಬಾರದು ಎಂಬ ಇಂದಿನ ತಿಳಿವಳಿಕೆ ಆ ಒಂದು ಹಲಗೆಯಲ್ಲಿಯೇ ಇದೆ. ಅದೇ ಗ್ರಂಥದ 27ನೆಯ ಅಧ್ಯಾಯದಲ್ಲಿ ಅಯಸ್ಕಾಂತವೂ ಬರುತ್ತದೆ. ಮೈಯಲ್ಲಿ ನೆಟ್ಟ ಕಬ್ಬಿಣದ ಮೊನೆಯನ್ನು ಅದರಿಂದ ಸೆಳೆದು ತೆಗೆಯಬಹುದು. ಆದರೆ ಮೊನೆಗೆ ಕೊಕ್ಕೆಯಿರಬಾರದು, ಅದು ಬಿಗಿಯಾಗಿ ಸಿಕ್ಕಿಕೊಂಡಿರಬಾರದು, ಗಾಯದ ಬಾಯಿ ಅಗಲವಾಗಿರಬೇಕು ಎಂದು ಷರತ್ತು ಹಾಕಿದೆ. ಅಯಸ್ಕಾಂತದ ಶಕ್ತಿಯನ್ನು ಹೊಗಳುವುದರ ಜೊತೆಗೆ ಅದರ ಮಿತಿಯನ್ನೂ ಹೇಳಿರುವುದು ಆ ಕಾಲದ ವೈದ್ಯರ ದೊಡ್ಡತನ. ಅಡಿಗೆಯ ಮನೆಯಲ್ಲಿ ನಮಗೆ ಬೇಕಾದುದೂ ಅದೇ ಮಿತಿಯ ಅರಿವು.

ಅಯಸ್ಕಾಂತದ ಕೆಲಸವನ್ನು ನಾವು ಪೇಟೆಯಲ್ಲಿ ದಿನವೂ ನೋಡುತ್ತೇವೆ. ದರ್ಜಿಯವನು ನೆಲಕ್ಕೆ ಚೆಲ್ಲಿದ ಸೂಜಿಗಳನ್ನು ಅದರಿಂದ ಬಾಚಿಕೊಳ್ಳುತ್ತಾನೆ. ಅಕ್ಕಸಾಲಿಗನು ಬಂಗಾರದ ಅರದ ಪುಡಿಯ ಮೇಲೆ ಅದನ್ನು ಆಡಿಸಿ, ಬೆರೆತ ಕಬ್ಬಿಣದ ಚೂರನ್ನು ಬೇರ್ಪಡಿಸುತ್ತಾನೆ. ಅಕ್ಕಿಯ ಗಿರಣಿಯಲ್ಲಿ ಕಾಳು ಇಳಿಯುವ ದಾರಿಗೆ ಅಯಸ್ಕಾಂತವನ್ನು ಕೂಡಿಸಿ ಮೊಳೆ, ತಂತಿಯ ತುಣುಕುಗಳನ್ನು ಹಿಡಿಯುತ್ತಾರೆ. ನಿಮ್ಮ ಮನೆಯ ರೇಡಿಯೋದಲ್ಲಿಯೂ ಒಂದಿದೆ. ಧ್ವನಿವರ್ಧಕದ ಹಿಂಬದಿಯ ದುಂಡನೆಯ ಬಿಲ್ಲೆಯೇ ಅದು. ಪ್ರಕೃತಿಯಲ್ಲಿ ಸಿಕ್ಕುವ ಸೂಜಿಗಲ್ಲು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. ನಮ್ಮ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದದ್ದು ಇದೇ ಜಾತಿಯ ಅದಿರನ್ನು. ಆದರೆ ಚಾಕಿನ ಪಟ್ಟಿಯಲ್ಲಿರುವುದು ಕಾರಖಾನೆಯ ಅಯಸ್ಕಾಂತ. ಅಗ್ಗದ ಪಟ್ಟಿಗಳಲ್ಲಿ ಕರಿಯ ಫೆರೈಟ್ ತುಂಡುಗಳಿರುತ್ತವೆ. ಬೆಲೆಬಾಳುವುದರಲ್ಲಿ ನಿಯೋಡಿಮಿಯಮ್ ಎಂಬ ಲೋಹ ಬೆರೆತವು ಇರುತ್ತವೆ. ಈ ಎರಡನೆಯದು 1980ರ ದಶಕದ ಮೊದಲ ವರ್ಷಗಳಲ್ಲಿ ಜಪಾನ್ ಮತ್ತು ಅಮೇರಿಕಗಳಲ್ಲಿ ಕಂಡುಹಿಡಿದದ್ದು. ಗಾತ್ರಕ್ಕೆ ಹೋಲಿಸಿದರೆ ಅದರ ಸೆಳೆತ ಫೆರೈಟಿಗಿಂತ ಹಲವು ಪಟ್ಟು ಹೆಚ್ಚು.

ಈಗ ಮುಖ್ಯವಾದ ಮಾತಿಗೆ ಬರೋಣ. ಅಯಸ್ಕಾಂತವು ಚಾಕನ್ನು ಎತ್ತಿ ಹಿಡಿದಿದೆ ಎಂದು ನಾವು ತಿಳಿಯುತ್ತೇವೆ. ಅದು ನಿಜವಲ್ಲ. ಅಯಸ್ಕಾಂತ ಚಾಕನ್ನು ಸೆಳೆಯುವುದು ಗೋಡೆಯ ಕಡೆಗೆ; ಚಾಕಿನ ಭಾರ ಎಳೆಯುವುದು ನೆಲದ ಕಡೆಗೆ. ಈ ಎರಡೂ ಬೇರೆ ಬೇರೆ ದಿಕ್ಕು. ಒಂದು ಕಾಗದವನ್ನು ಗೋಡೆಗೆ ಇಟ್ಟು ಅಂಗೈಯಿಂದ ಒತ್ತಿ ಹಿಡಿಯಿರಿ. ನೀವು ಅದನ್ನು ಮೇಲಕ್ಕೆ ಎತ್ತುತ್ತಿಲ್ಲ, ಆದರೂ ಅದು ಬೀಳುವುದಿಲ್ಲ. ಬೀಳದಂತೆ ತಡೆಯುವುದು ಕಾಗದಕ್ಕೂ ಗೋಡೆಗೂ ಇರುವ ತಿಕ್ಕಾಟ. ಚಾಕಿನ ಪಟ್ಟಿಯದೂ ಇದೇ ಸಂಗತಿ. ಅಯಸ್ಕಾಂತ ಅಂಗೈಯಂತೆ ಒತ್ತುತ್ತದೆ. ಹಿಡಿದು ನಿಲ್ಲಿಸುವುದು ತಿಕ್ಕಾಟ.

ಇದರ ಲೆಕ್ಕ ಕಷ್ಟದ್ದೇನಲ್ಲ. ಒಣಗಿದ ಉಕ್ಕಿನ ಮೇಲೆ ಒಣಗಿದ ಉಕ್ಕು ಕೂತಾಗ, ಒತ್ತುವ ಬಲದ ಸುಮಾರು ಅರ್ಧದಷ್ಟು ತಿಕ್ಕಾಟ ಸಿಕ್ಕುತ್ತದೆ. ನಡುವೆ ಎಣ್ಣೆಯ ಪೊರೆ ಬಂದರೆ ಅದು ಆರೇಳು ಪಾಲಿನಲ್ಲಿ ಒಂದು ಪಾಲಿಗೆ ಇಳಿಯಬಹುದು. ನಿಮ್ಮ ಚಾಕು 200 ಗ್ರಾಮು ತೂಗುತ್ತದೆ ಎನ್ನಿ. ಪಟ್ಟಿ ಶುಚಿಯಾಗಿದ್ದರೆ 400 ಗ್ರಾಮಿನ ಸೆಳೆತ ಸಾಕು. ಪಟ್ಟಿಗೆ ಎಣ್ಣೆಯ ಜಿಡ್ಡು ಹತ್ತಿದರೆ ಅದೇ ಚಾಕಿಗೆ ಸುಮಾರು 1,200ರಿಂದ 1,400 ಗ್ರಾಮಿನ ಸೆಳೆತ ಬೇಕು. ಚಾಕು ಅದೇ, ಅಯಸ್ಕಾಂತ ಅದೇ, ಬದಲಾದದ್ದು ಒಗ್ಗರಣೆಯ ಹೊಗೆ ಬಿಟ್ಟುಹೋದ ತೆಳುಪೊರೆ ಮಾತ್ರ. ಕೊಂಡ ದಿನ ಗಟ್ಟಿಯಾಗಿ ಹಿಡಿದ ಪಟ್ಟಿ ಹದಿನೈದು ದಿನಕ್ಕೆ ಚಾಕನ್ನು ಜಾರಿಸುವುದು ಬಹುಮಟ್ಟಿಗೆ ಈ ಕಾರಣದಿಂದ. ಅಂಗಡಿಯವನು ಮೋಸ ಮಾಡಿದನೆಂದು ಜಗಳಕ್ಕೆ ಹೋಗುವ ಮೊದಲು ಪಟ್ಟಿಯ ಮೇಲೆ ಒಮ್ಮೆ ಬೆರಳು ಎಳೆದು ನೋಡುವುದು ಒಳ್ಳೆಯದು.

ಸೆಳೆತವನ್ನು ಕುಗ್ಗಿಸುವ ಇನ್ನೊಂದು ಸಂಗತಿ ಸಂದು. ಅಯಸ್ಕಾಂತಕ್ಕೂ ಉಕ್ಕಿಗೂ ನಡುವೆ ಎಷ್ಟು ಚಿಕ್ಕ ಅಂತರ ಬಿದ್ದರೂ ಸೆಳೆತ ಬಹಳ ಬೇಗ ಇಳಿದುಹೋಗುತ್ತದೆ. ಮನೆಯಲ್ಲಿಯೇ ಪರೀಕ್ಷಿಸಬಹುದು. ಪಟ್ಟಿಯನ್ನು ಗೋಡೆಗೆ ಹೊಡೆಯುವ ಮೊದಲು ಮೇಜಿನ ಅಂಚಿಗೆ ನೆಟ್ಟಗೆ ಹಿಡಿದು, ಅದರ ಮೇಲೆ ಒಂದು ಅಂಚೆಯ ಕಾರ್ಡು ಇಟ್ಟು, ಕಾರ್ಡಿನ ಮೇಲೆ ಒಂದು ಚಮಚವನ್ನೋ ಬಾಯಿಲ್ಲದ ಬೆಣ್ಣೆಯ ಚಾಕನ್ನೋ ಅಂಟಿಸಿರಿ. ಆಮೇಲೆ ಎರಡು ಕಾರ್ಡು, ಮೂರು ಕಾರ್ಡು ಹೀಗೆ ಸೇರಿಸುತ್ತ ಹೋಗಿರಿ. ಯಾವ ಕಾರ್ಡಿಗೆ ಜಾರುತ್ತದೆಂಬುದರಿಂದ ನಿಮ್ಮ ಪಟ್ಟಿಯ ಸತ್ವ ತಿಳಿಯುತ್ತದೆ. ಮಕ್ಕಳಿಗೂ ಇದೊಂದು ಆಟವಾದೀತು. ಆದರೆ ಹರಿತವಾದುದನ್ನು ಈ ಆಟಕ್ಕೆ ತರಬೇಡಿರಿ.

ಮರದ ಮುಖವಿರುವ ಪಟ್ಟಿಗೂ ಉಕ್ಕಿನ ಮುಖವಿರುವ ಪಟ್ಟಿಗೂ ಇರುವ ಭೇದ ಈ ಸಂದಿನದೇ. ಮರದ ಪಟ್ಟಿಯಲ್ಲಿ ಅಯಸ್ಕಾಂತವನ್ನು ಹಿಂದಿನಿಂದ ಕೊರೆದು ಕೂಡಿಸಿರುತ್ತಾರೆ. ಮುಂದೆ ತೆಳುವಾದ ಮರದ ಪದರು ಉಳಿದಿರುತ್ತದೆ. ಅದು ಚಾಕಿನ ಬಾಯಿಗೆ ಮೆತ್ತಗಿರುತ್ತದೆ, ಬೂರುಗದ ಹಲಗೆಯ ನೆನಪು ತರುತ್ತದೆ. ಆದರೆ ಒಳಗಿನ ಅಯಸ್ಕಾಂತ ಬಲವಾದದ್ದೇ ಆಗಿರಬೇಕು. ಉಕ್ಕಿನ ಮುಖದ ಪಟ್ಟಿ ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಚಾಕು ಟಣ್ಣೆಂದು ಬಡಿದುಕೊಳ್ಳುತ್ತದೆ. ನನ್ನನ್ನು ಕೇಳಿದರೆ, ದುಡ್ಡು ಸ್ವಲ್ಪ ಹೆಚ್ಚಾದರೂ ನಿಯೋಡಿಮಿಯಮ್ ಇರುವ ಮರದ ಪಟ್ಟಿಯೇ ಮೇಲು. ಫೆರೈಟ್ ತುಂಬಿದ ಮರದ ಪಟ್ಟಿಯನ್ನು ಮಾತ್ರ ಪುಕ್ಕಟೆ ಕೊಟ್ಟರೂ ತರಬೇಡಿರಿ.

ಎಲ್ಲ ಚಾಕೂ ಅಂಟುವುದಿಲ್ಲ ಎಂಬುದು ಹಲವರಿಗೆ ಆಶ್ಚರ್ಯ. "ಇದೂ ಸ್ಟೀಲೇ, ಅದೂ ಸ್ಟೀಲೇ, ಇದಕ್ಕೇನಾಯಿತು?" ಎನ್ನುತ್ತಾರೆ. ನಾವು ಸ್ಟೀಲು ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಕುಲಗಳಿವೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಬಂದೂಕಿನ ನಳಿಗೆಗಾಗಿ ಪ್ರಯೋಗ ಮಾಡುತ್ತಿದ್ದಾಗ, ನೂರಕ್ಕೆ ಸುಮಾರು 13 ಪಾಲು ಕ್ರೋಮಿಯಮ್ ಬೆರೆಸಿದ ಉಕ್ಕು ತುಕ್ಕು ಹಿಡಿಯದೆ ಉಳಿಯಿತು. ಶೆಫೀಲ್ಡ್ ಚಾಕು ಚೂರಿಗಳಿಗೆ ಹೆಸರಾದ ಊರಾದುದರಿಂದ ಅದು ಕೂಡಲೇ ಚಾಕಾಯಿತು. ಈ ಕುಲದ ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಬಹುದು, ಹರಿತ ಮಾಡಬಹುದು, ಅಯಸ್ಕಾಂತಕ್ಕೂ ಅಂಟುತ್ತದೆ. ಅದೇ ಕಾಲಕ್ಕೆ ಜರ್ಮನಿಯಲ್ಲಿ ಕ್ರೋಮಿಯಮ್ ಜೊತೆಗೆ ನಿಕ್ಕಲ್ ಬೆರೆಸಿದ ಇನ್ನೊಂದು ಉಕ್ಕು ಹುಟ್ಟಿತು. ನಮ್ಮ ಒಳ್ಳೆಯ ತಾಟು, ತಂಬಿಗೆ, ಬೋಗುಣಿಗಳು ಹೆಚ್ಚಾಗಿ ಈ ಕುಲದವು. ಹೊಳಪು ಹೆಚ್ಚು, ತುಕ್ಕು ಕಡಿಮೆ. ಆದರೆ ಅಯಸ್ಕಾಂತ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಚಾಕಿಗೆ ಬೇಕಾದ ಗಡಸೂ ಅದಕ್ಕೆ ಬರುವುದಿಲ್ಲ. ಆದುದರಿಂದ ಚಾಕು ಕೊಳ್ಳುವಾಗ ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತವಿರಲಿ. ಅಂಟದ ಅಲಗು ಪಟ್ಟಿಗೂ ಬೇಡ, ಹೆಚ್ಚುವುದಕ್ಕೂ ಅಷ್ಟಕ್ಕಷ್ಟೆ. ಅಂಟಿತೆಂದ ಮಾತ್ರಕ್ಕೆ ಚಾಕು ಉತ್ತಮವೆಂದೂ ಅಲ್ಲ. ಪಿಂಗಾಣಿಯ ಬಿಳಿಯ ಚಾಕುಗಳು ಬಂದಿವೆ. ಅವು ಅಂಟುವ ಪ್ರಶ್ನೆಯೇ ಇಲ್ಲ.

ಪಟ್ಟಿ ಸರಿಯಾಗಿದ್ದು ಗೋಡೆ ಕೈಕೊಟ್ಟರೆ ಏನು ಪ್ರಯೋಜನ? ನಮ್ಮ ಕಡೆಯ ಹಳೆಯ ಮನೆಗಳು ಕಲ್ಲಿನವು. ಕಲ್ಲಿಗೆ ಬರವಿಲ್ಲದ ಸೀಮೆ ಇದು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ ಒಂದೇ ಕಲ್ಲು 41 ಅಡಿ ಉದ್ದವಿದೆ. ಆದರೆ ಮನೆಯ ಗೋಡೆ ಕೋಟೆಯ ಗೋಡೆಯಲ್ಲ. ಉರುಟು ಕಲ್ಲುಗಳ ನಡುವಿನ ಸಂದಿಗೆ ಮಣ್ಣೋ ಸುಣ್ಣದ ಗಾರೆಯೋ ತುಂಬಿರುತ್ತದೆ. ಸ್ಕ್ರೂ ಆ ಸಂದಿಗೆ ಬಿದ್ದರೆ ಇಂದಲ್ಲ ನಾಳೆ ಪಟ್ಟಿಯೊಡನೆ ನಾಲ್ಕೂ ಚಾಕು ಕಳಚಿ ಬೀಳುತ್ತವೆ. ಇಂಥ ಗೋಡೆಗೆ ಮೊದಲು ಒಂದು ಸಾಗವಾನಿಯ ಹಲಗೆಯನ್ನು ಗಟ್ಟಿ ಕಲ್ಲಿರುವ ಕಡೆ ಕೊರೆದು ಬಿಗಿಯಬೇಕು, ಆ ಹಲಗೆಗೆ ಪಟ್ಟಿಯನ್ನು ಹೊಡೆಯಬೇಕು. ಇಟ್ಟಿಗೆಯ ಗೋಡೆಯಾದರೆ ರಂಧ್ರ ಕೊರೆದು ಪ್ಲಗ್ಗು ತುಂಬಿ ಸ್ಕ್ರೂ ಬಿಗಿದರೆ ಸಾಕು. ಗಾರೆಯೊಳಗೆ ವಿದ್ಯುತ್ತಿನ ತಂತಿ ಹಾದುಹೋಗಿದೆಯೇ ಎಂದು ಸ್ವಿಚ್ಚುಗಳ ನೇರವನ್ನು ಮೊದಲು ನೋಡಿಕೊಳ್ಳಬೇಕು. ಕೆಲವು ಪಟ್ಟಿಗಳ ಬೆನ್ನಿಗೆ ಅಂಟಿನ ಟೇಪು ಬರುತ್ತದೆ. ಸುಣ್ಣ ಬಳಿದ ಗೋಡೆಗೆ ಅದು ಹಿಡಿಯುವುದು ಗೋಡೆಯನ್ನಲ್ಲ, ಸುಣ್ಣದ ಹೆಕ್ಕಳಿಕೆಯನ್ನು. ಅದನ್ನು ನಂಬಬಾರದು.

ಸ್ಥಳದ ಆಯ್ಕೆ ಇನ್ನೂ ಮುಖ್ಯ. ಒಲೆಯ ಮೇಲ್ಗಡೆ ಬೇಡ. ಎಣ್ಣೆಯ ಹೊಗೆ ನೇರವಾಗಿ ಅಲ್ಲಿಗೇ ಹೋಗುತ್ತದೆ. ಸಾಧಾರಣ ನಿಯೋಡಿಮಿಯಮ್ ಅಯಸ್ಕಾಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೆಳೆತವನ್ನು ಶಾಶ್ವತವಾಗಿ ಕಳೆದುಕೊಳ್ಳತೊಡಗುತ್ತದೆ. ರಾಯಚೂರಿನ ಮೇ ತಿಂಗಳು 40 ಡಿಗ್ರಿ ದಾಟುತ್ತದಲ್ಲ ಎಂದು ಹೆದರಬೇಕಿಲ್ಲ. ಅದು ನಮ್ಮನ್ನು ಬಾಡಿಸೀತೇ ಹೊರತು ಅಯಸ್ಕಾಂತವನ್ನಲ್ಲ. ಬಾಗಿಲಿನ ಹಿಂದೆ, ಓಡಾಡುವಾಗ ಭುಜ ತಾಗುವಲ್ಲಿ, ಮುಸುರೆ ತೊಳೆಯುವ ನೀರು ಸಿಡಿಯುವಲ್ಲಿ ಬೇಡ. ಕಟ್ಟೆಯ ಹಿಂದಿನ ಗೋಡೆಯಲ್ಲಿ, ಒಲೆಯಿಂದ ದೂರದ ಮೂಲೆಯಲ್ಲಿ ಹಾಕುವುದು ಲೇಸು. ಅಲ್ಲಿಂದ ಚಾಕು ಜಾರಿದರೂ ಕಟ್ಟೆಯ ಮೇಲೆ ಬೀಳುತ್ತದೆ, ಪಾದದ ಮೇಲಲ್ಲ. ಬೀಳುವ ಚಾಕನ್ನು ಹಿಡಿಯಲು ಮಾತ್ರ ಎಂದೂ ಕೈ ಚಾಚಬಾರದು. ಒಂದು ಹೆಜ್ಜೆ ಹಿಂದೆ ಸರಿದು ಅದು ಬೀಳುವುದಕ್ಕೆ ಬಿಡಬೇಕು.

ಸಣ್ಣ ಮಕ್ಕಳಿರುವ ಮನೆಯ ಮಾತು ಬೇರೆ. ಗೋಡೆಯ ಮೇಲೆ ಸಾಲಾಗಿ ಹೊಳೆಯುವ ಚಾಕುಗಳು ಮಗುವಿನ ಕಣ್ಣನ್ನು ಸೆಳೆಯದೆ ಇರುವುದಿಲ್ಲ. ಎತ್ತರದಲ್ಲಿ ಹಾಕಿದ್ದೇವೆ ಎನ್ನುತ್ತೇವೆ. ಸ್ಟೂಲು ಎಳೆದುಕೊಂಡು ಕಟ್ಟೆ ಹತ್ತುವ ಮಗುವಿಗೆ ಎತ್ತರ ಯಾವ ಲೆಕ್ಕ? ಹೀಗೆ ಹತ್ತುವ ವಯಸ್ಸಿನ ಮಗು ಮನೆಯಲ್ಲಿದ್ದರೆ, ಅದು ದೊಡ್ಡದಾಗುವವರೆಗೆ ಪಟ್ಟಿಯ ವಿಚಾರವನ್ನೇ ಬಿಟ್ಟು, ಚಾಕುಗಳಿಗೆ ಒರೆ ಹಾಕಿ ಚಿಲಕವಿರುವ ಕಪಾಟಿನಲ್ಲಿ ಇಡುವುದು ಉಚಿತ. ಇನ್ನೊಂದು ಅಪಾಯವೂ ಇದೆ. ಪಟ್ಟಿ ಒಡೆದು ಒಳಗಿನ ಬಿಲ್ಲೆಗಳು ಹೊರಗೆ ಬಿದ್ದರೆ ಒಂದನ್ನೂ ಬಿಡದೆ ಆರಿಸಿ ತೆಗೆಯಬೇಕು. ಮಗು ಇಂಥ ಎರಡು ಬಿಲ್ಲೆ ನುಂಗಿದರೆ ಅವು ಹೊಟ್ಟೆಯೊಳಗೆ ಒಂದನ್ನೊಂದು ಸೆಳೆದು, ನಡುವೆ ಸಿಕ್ಕ ಕರುಳನ್ನು ಹಿಸುಕಿ ತೂತು ಮಾಡುತ್ತವೆ. ನುಂಗಿದ ಅನುಮಾನ ಬಂದರೂ ಸಾಕು, ಮನೆಯ ಮದ್ದು ಮಾಡುತ್ತ ಕೂಡದೆ ಅದೇ ಗಳಿಗೆಗೆ ಆಸ್ಪತ್ರೆಗೆ ಒಯ್ಯಬೇಕು. ಎದೆಯಲ್ಲಿ ಪೇಸ್‌ಮೇಕರ್ ಕೂಡಿಸಿಕೊಂಡ ಹಿರಿಯರು ಪಟ್ಟಿಗೆ ಎದೆಯೊಡ್ಡಿ ನಿಲ್ಲಬಾರದು. ಕನಿಷ್ಠ 15 ಸೆಂಟಿಮೀಟರ್ ದೂರವಿರಬೇಕು. ಪಟ್ಟಿಯನ್ನು ಕೊಂಡು ತರುವಾಗ ಅಂಗಿಯ ಎದೆಯ ಜೇಬಿನಲ್ಲಿ ಇಟ್ಟುಕೊಳ್ಳುವುದೂ ಅವರಿಗೆ ಸಲ್ಲದು.

ಚಾಕನ್ನು ಅಂಟಿಸುವುದಕ್ಕೂ ಬಿಡಿಸುವುದಕ್ಕೂ ಒಂದು ಕೈವಾಡಿಕೆ ಇದೆ. ಎರಡು ದಿನದಲ್ಲಿ ರೂಢಿಯಾಗುತ್ತದೆ. ಅಂಟಿಸುವಾಗ ಮೊದಲು ಚಾಕಿನ ಬೆನ್ನು ಪಟ್ಟಿಗೆ ತಾಗಲಿ. ಆಮೇಲೆ ಹಿಡಿಯನ್ನು ಮೆಲ್ಲನೆ ಹೊರಳಿಸಿ ಅಲಗು ಪಟ್ಟಗೆ ಕೂಡುವಂತೆ ಮಾಡಿರಿ. ತೆಗೆಯುವಾಗ ಇದರ ತಿರುಗುಮುರುಗು: ಹಿಡಿಯನ್ನು ಹೊರಳಿಸಿ ಬಾಯಿಯನ್ನು ಮೊದಲು ಎಬ್ಬಿಸಬೇಕು, ಬೆನ್ನು ಕೊನೆಗೆ ಬಿಡಬೇಕು. ನೇರವಾಗಿ ಜಗ್ಗಿದರೆ ತಟಕ್ಕನೆ ಬಿಟ್ಟುಕೊಂಡು ಕೈ ಹಿಂದಕ್ಕೆ ಹಾರುತ್ತದೆ, ಹಿಂದೆ ನಿಂತವರ ಗತಿ ಕೇಳುವುದು ಬೇಡ. ಪಟ್ಟಿಯ ಉದ್ದಕ್ಕೆ ಎಳೆದು ತೆಗೆದರೆ ಬಾಯಿ ತಿಕ್ಕಿ ಮೊಂಡಾಗುತ್ತದೆ. ಬೆನ್ನೆಲ್ಲ ಒಂದೇ ದಿಕ್ಕಿಗೆ, ಬಾಯೆಲ್ಲ ಒಂದೇ ದಿಕ್ಕಿಗೆ ಇರಲಿ. ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಬಿಡಿರಿ. ಮಾಂಸ ಕಡಿಯುವ ಭಾರವಾದ ಕತ್ತಿಯನ್ನು ಅಲ್ಲಿಗೆ ತರಲೇಬೇಡಿರಿ.

ತೊಳೆದ ಚಾಕನ್ನು ಅರಿವೆಯಿಂದ ಒರಸಿಯೇ ಅಂಟಿಸಬೇಕು. ನೀರು ಇದ್ದಲ್ಲಿ ಸ್ಟೀಲಿಗೂ ಕಲೆ ಬೀಳುತ್ತದೆ. ಕುಲುಮೆಯ ಕಬ್ಬಿಣದ ಚಾಕಾದರೆ ರಾತ್ರಿ ಕಳೆಯುವುದರೊಳಗೆ ಕೆಂಪಗಾಗುತ್ತದೆ. ಪಟ್ಟಿಯ ಮೇಲಿದ್ದ ಚಾಕಿಗೆ ತುಸು ಸೆಳೆತ ಬರುವುದುಂಟು. ಸಾಣೆ ಹಿಡಿದ ಮೇಲೆ ಉಕ್ಕಿನ ಪುಡಿ ಅದಕ್ಕೆ ಮೀಸೆಯಂತೆ ಹತ್ತಿಕೊಳ್ಳುತ್ತದೆ. ಒದ್ದೆಯ ಅರಿವೆಯಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರಸಿದರೆ ಹೋಯಿತು. ಆಹಾರಕ್ಕೆ ಇದರಿಂದ ಏನೂ ಆಗುವುದಿಲ್ಲ. ವಾರಕ್ಕೊಮ್ಮೆ ಚಾಕುಗಳನ್ನೆಲ್ಲ ಇಳಿಸಿ, ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯಿಂದ ಪಟ್ಟಿಯ ಜಿಡ್ಡು ತೆಗೆದು, ಒಣಗಿಸಿ ಮತ್ತೆ ಹಚ್ಚಬೇಕು. ಶನಿವಾರದ ದಿನ ದೇವರ ಸಾಮಾನು ಬೆಳಗುವವರು ಅದರ ಜೊತೆಗೇ ಇದನ್ನೂ ಮುಗಿಸಬಹುದು.

ಒಂದೇ ಚಾಕು, ಒಂದೇ ಈಳಿಗೆ ಇರುವ ಮನೆಗೆ ಈ ಪಟ್ಟಿಯ ಖರ್ಚು ಬೇಕಿಲ್ಲ. ಚಾಕಿನ ಅಳತೆಗೆ ಒಂದು ರಟ್ಟನ್ನು ಮಡಿಚಿ ದಾರದಿಂದ ಹೊಲಿದರೆ ಒರೆಯಾಯಿತು. ಹಿಡಿಗೆ ತೂತು ಇದ್ದರೆ ಒಂದು ಗೂಟ ಸಾಕು. ಇನ್ನು ಈಳಿಗೆಯ ಮಾತು. ಅದರ ಅಲಗು ಅಯಸ್ಕಾಂತಕ್ಕೆ ಚೆನ್ನಾಗಿಯೇ ಅಂಟುತ್ತದೆ. ಆದರೆ ಅಲಗು ಬಾಗಿದೆ, ಪಟ್ಟಗೆ ಕೂಡುವುದಿಲ್ಲ. ಮಣೆಯ ಭಾರವೇ ಒಂದೆರಡು ಕಿಲೋ ಇರುತ್ತದೆ. ಮೇಲಿನ ಲೆಕ್ಕವನ್ನು ಅದಕ್ಕೆ ಹಾಕಿ ನೋಡಿದರೆ ಯಾವ ಪಟ್ಟಿಯೂ ತಾಳದೆಂಬುದು ತಿಳಿಯುತ್ತದೆ. ಅದರ ಜಾಗ ನೆಲವೇ, ಬಾಯಿ ಗೋಡೆಯ ಕಡೆಗೆ. ಮಡಿಚುವ ಈಳಿಗೆಯಾದರೆ ಅಲಗನ್ನು ಮಣೆಯ ಮೇಲೆ ಮಡಿಚಿ, ಮೇಲೊಂದು ದಪ್ಪ ಅರಿವೆ ಸುತ್ತಿ.